ತಲೆಯಿಂದ ಹುಡುಕುವ ಕಂಪ್ಯೂಟರು

ಕಳೆದುಹೋದ ವಸ್ತುವನ್ನು ಹುಡುಕುವ ಮೊದಲು ಅದನ್ನು ಕಳೆದವರು ಯಾರೆಂದು ಹುಡುಕುವುದು ನಮ್ಮ ವಂಶದ ಪದ್ಧತಿ. ಕುಡುಗೋಲು ಕಾಣದಿದ್ದರೆ ನಮ್ಮಪ್ಪ ಮೊದಲು ಅವ್ವನನ್ನು ಬೈಯುತ್ತಿದ್ದರು, ಆಮೇಲೆ ಪಕ್ಕದ ಹೊಲದವರನ್ನು, ಕೊನೆಗೆ ಕೊಟ್ಟಿಗೆಯಲ್ಲಿ ತನ್ನ ಪಾಡಿಗೆ ಮೆಲುಕು ಹಾಕುತ್ತಿದ್ದ ಎಮ್ಮೆಯನ್ನು. ಅಷ್ಟೊತ್ತಿಗೆ ಅವ್ವ ಬಂದು ಅವರ ಸೊಂಟದಿಂದಲೇ ಕುಡುಗೋಲನ್ನು ಎಳೆದು ಕೈಗೆ ಕೊಡುತ್ತಿದ್ದಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಗಾದೆಯನ್ನು ಯಾರೋ ನಮ್ಮ ಮನೆಯನ್ನು ನೋಡಿಯೇ ಕಟ್ಟಿರಬೇಕು.

ಇದೆಲ್ಲ ನೆನಪಾದದ್ದು ಮೊನ್ನೆ ಮೇಜಿನ ಡ್ರಾಯರು ಖಾಲಿ ಮಾಡುವಾಗ ಸಿಕ್ಕ ಒಂದು ಹಳೆಯ ಪೆನ್‌ಡ್ರೈವಿನಿಂದ. ಅದರ ಮೇಲೆ ಬಿಳಿಯ ಪಟ್ಟಿ ಅಂಟಿಸಿ ‘ಹುಡುಕು’ ಎಂದು ಅಚ್ಚುಕಟ್ಟಾಗಿ ಬರೆದಿದೆ. ಅಕ್ಷರ ಶಶಿಕಲಾ ಅವರದು. ಪೀಣ್ಯದ ನಮ್ಮ ಶೆಡ್ಡಿನಲ್ಲಿ ತಯಾರಾದ ಬಿಡಿಭಾಗಗಳನ್ನು ಅಳೆದು ಪಾಸು ಫೇಲು ಮಾಡುತ್ತಿದ್ದವರು ಅವರು. ನಾನು ಅಲ್ಲಿಯ ಆಫೀಸು, ಸ್ಟೋರು, ಟಪಾಲು ಎಲ್ಲ ನೋಡಿಕೊಳ್ಳುತ್ತಿದ್ದವನು. ಹೊರಗೆ ತುಮಕೂರು ರಸ್ತೆಯ ಮೇಲೆ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ ಅದು. ಆ ದೂಳೆಲ್ಲ ನನ್ನ ಕಂಪ್ಯೂಟರಿನ ಮೇಲೆಯೇ ಬಂದು ಕೂರುತ್ತಿತ್ತು.

ನೀವು ನನ್ನ ವಯಸ್ಸಿನವರಾದರೆ ಹಳೆಯ ಕಂಪ್ಯೂಟರಿನ ನಾಯಿ ನಿಮಗೂ ನೆನಪಿರಬಹುದು. ಫೈಲು ಹುಡುಕು ಎಂದು ಒತ್ತಿದರೆ ಪರದೆಯ ಮೂಲೆಯಲ್ಲಿ ಒಂದು ಹಳದಿ ನಾಯಿ ಬಂದು ಕೂರುತ್ತಿತ್ತು. ಬಾಲ ಅಲ್ಲಾಡಿಸುತ್ತಿತ್ತು, ಕಿವಿ ಕೆರೆದುಕೊಳ್ಳುತ್ತಿತ್ತು, ನಮ್ಮ ಮುಖವನ್ನೇ ದೀನವಾಗಿ ನೋಡುತ್ತಿತ್ತು. ಫೈಲನ್ನು ಮಾತ್ರ ಕಚ್ಚಿ ತರುತ್ತಿರಲಿಲ್ಲ. ನಮಗೆ ಟೀ ತರುತ್ತಿದ್ದ ಜಯಮ್ಮ ಒಮ್ಮೆ ಅದನ್ನು ಬಹಳ ಹೊತ್ತು ನೋಡಿ, "ಪಾಪ, ಅದುಕ್ಕೆ ಒಂದು ಬಿಸ್ಕತ್ತಾದ್ರೂ ಆಕಿ ಸಾ, ಇಂಗೆ ಸುಮ್ಕೆ ಉಡುಕು ಅಂದ್ರೆ ಎಲ್ ಉಡುಕ್ತದೆ?" ಎಂದಿದ್ದಳು. ಮುಂದೆ ಹೊಸ ಕಂಪ್ಯೂಟರು ಬಂತು. ನಾಯಿ ಹೋಗಿ ಹಸಿರು ಪಟ್ಟಿ ಬಂತು. ಅದು ಪರದೆಯ ಮೇಲ್ತುದಿಯಲ್ಲಿ ಎಡದಿಂದ ಬಲಕ್ಕೆ ಸರಸರನೆ ಓಡಿ, ಇನ್ನೇನು ಮುಟ್ಟಿತು ಅನ್ನುವಾಗ ಜಾಲಹಳ್ಳಿ ಕ್ರಾಸಿನ ಸಿಗ್ನಲ್ಲಿಗೆ ಸಿಕ್ಕ ಬಸ್ಸಿನಂತೆ ನಿಂತುಬಿಡುತ್ತಿತ್ತು. ನಾಯಿಯಾದರೆ ಮುಖ ನೋಡಿ ಬೈಯಬಹುದಿತ್ತು. ಪಟ್ಟಿಯನ್ನು ಬೈದರೆ ಸಮಾಧಾನವೇ ಆಗುತ್ತಿರಲಿಲ್ಲ.

ಹುಡುಕಿಸಿಕೊಳ್ಳುವ ಫೈಲುಗಳೂ ಸಾಮಾನ್ಯದವಲ್ಲ ಬಿಡಿ. ಹಳೆಯ ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ರಿಪೇರಿಯವನು ಹೊಸದರಲ್ಲಿ ಒಂದೇ ಗುಡ್ಡೆಯಾಗಿ ಸುರಿದು ಹೋಗಿದ್ದ. ಹೊಸ ಫೋಲ್ಡರು, ಅದರೊಳಗೊಂದು ಹೊಸ ಫೋಲ್ಡರು, ಅದರೊಳಗೆ ಮೂರನೆಯ ಹೊಸ ಫೋಲ್ಡರು. ‘ಫೈನಲ್’ ಎಂಬ ಫೈಲಿನ ಪಕ್ಕದಲ್ಲಿ ‘ಇದೇ ಫೈನಲ್’, ಅದರ ಪಕ್ಕದಲ್ಲಿ ‘ದೇವರಾಣೆ ಇದೇ ಫೈನಲ್’. ಇವಕ್ಕೆಲ್ಲ ನಾಮಕರಣ ಮಾಡಿದ ಪುರೋಹಿತ ನಾನೇ. ಆದರೂ ಏನಾದರೂ ಸಿಗದಿದ್ದರೆ ರಿಪೇರಿಯವನನ್ನೇ ಬೈಯುತ್ತಿದ್ದೆ. ವಂಶದ ಪದ್ಧತಿ ಎಂದೆನಲ್ಲ.

ಹೀಗಿರುವಾಗ ಒಂದು ಗುರುವಾರ ಅಡಿವೆಪ್ಪ ಆಫೀಸಿನ ಬಾಗಿಲಲ್ಲಿ ನಿಂತ. ಗದಗಿನ ಕಡೆಯವನು. ಬಂದಾಗ ಕಂಟ್ರಾಕ್ಟರನ ಕೈಕೆಳಗೆ ಕಬ್ಬಿಣದ ಪುಡಿ ಗುಡಿಸುವ ಹೆಲ್ಪರ್ ಆಗಿದ್ದ. ನೋಡಿ ನೋಡಿಯೇ ಗ್ರೈಂಡಿಂಗ್ ಮಷೀನು ಕಲಿತ. ಲೋಹದ ಮೇಲ್ಮೈಯನ್ನು ಕನ್ನಡಿಯಂತೆ ಉಜ್ಜಿ, ತಲೆಗೂದಲನ್ನು ಹತ್ತಾರು ಸೀಳು ಮಾಡಿದರೆ ಎಷ್ಟು ದಪ್ಪ ಬಂದೀತೋ ಅಷ್ಟರ ಲೆಕ್ಕಕ್ಕೆ ತರುವ ಕೆಲಸ ಅದು. ಅವನಿಗೆ ಅದು ಕೈಯಲ್ಲೇ ಬಂದುಬಿಟ್ಟಿತ್ತು. ಐಟಿಐ ಇಲ್ಲ, ಡಿಪ್ಲೊಮಾ ಇಲ್ಲ. ಆಮೇಲೆ ನಮ್ಮಲ್ಲೇ ಕಾಯಂ ಆದ. ಆ ವರ್ಷ ನಮ್ಮ ಮಾಲೀಕರು ಗ್ರೈಂಡಿಂಗ್ ಕೆಲಸವನ್ನೆಲ್ಲ ಹೊರಗೆ ಮಾಡಿಸುವುದೆಂದು ತೀರ್ಮಾನಿಸಿ ಮಷೀನನ್ನು ಮಾರಾಟಕ್ಕಿಟ್ಟಿದ್ದರು. ಮಷೀನು ಹೋದರೆ ಅಡಿವೆಪ್ಪ ಏನು ಮಾಡಬೇಕು ಎಂದು ಯಾರೂ ಯೋಚಿಸಿರಲಿಲ್ಲ. ಅವನು ಯೋಚಿಸಿದ್ದ.

"ಸರ, ಎಲೆಕ್ಟ್ರಾನಿಕ್ ಸಿಟಿ ಕಡೆ ಒಂದು ದೊಡ್ಡ ಟೂಲ್‌ರೂಮಿನ್ಯಾಗ ಕರದಾರ್ರಿ. ಸೋಮವಾರ ಬಾ ಅಂದಾರ. ಐಟಿಐ ಸರ್ಟಿಫಿಕೇಟ್ ಇಲ್ಲಂದ್ರ ಬ್ಯಾರೆ ಏನರ ಪುರಾವೆ ತಾ ಅಂದ್ರು. ಆ ಇನ್ಸ್‌ಪೆಕ್ಟರ್ ಸಾಹೇಬ್ರು ಬರದ ಕೊಟ್ಟಿದ್ರಲ್ರಿ, ಅದರ ನಕಲು ನೀವು ಕಂಪ್ಯೂಟರಿನ್ಯಾಗ ಇಟ್ಟೀರಿ. ಅದೊಂದು ತಗದ ಕೊಡ್ರಿ."

ಆ ಕಾಗದ ನನಗೆ ನೆನಪಿತ್ತು. ಐದು ವರ್ಷದ ಹಿಂದೆ, ಅವನು ಇನ್ನೂ ಕಂಟ್ರಾಕ್ಟರನ ಕಡೆಯವನಾಗಿದ್ದಾಗ, ಗಿರಾಕಿಯೊಬ್ಬರ ಪರವಾಗಿ ಒಬ್ಬ ವೃದ್ಧ ಇನ್ಸ್‌ಪೆಕ್ಟರು ಬಂದು ಅವನು ಉಜ್ಜಿದ ತುಂಡುಗಳನ್ನೆಲ್ಲ ಅಳೆದಿದ್ದರು. ಒಂದೂ ತಪ್ಪಿರಲಿಲ್ಲ. ಅವರು ಕನ್ನಡಕ ತೆಗೆದು, "ಯಾರಯ್ಯ ಮಾಡಿದ್ದು ಇದನ್ನ?" ಎಂದು ಕೇಳಿ, ಅಳತೆಗಳ ಕೆಳಗೆ ಇಂಥ ಕೆಲಸವನ್ನು ಇಂಥವನು ಮಾಡಿದ್ದಾನೆ ಎಂದು ಸ್ವಂತ ಕೈಬರಹದಲ್ಲಿ ಬರೆದು ಸಹಿ ಹಾಕಿ ಹೋಗಿದ್ದರು. ಅವರು ನಿವೃತ್ತರಾಗಿ ಎಲ್ಲಿಗೆ ಹೋದರೋ ಯಾರಿಗೂ ಗೊತ್ತಿಲ್ಲ. ಹೊಸದಾಗಿ ಬರೆಸುವಂತಿಲ್ಲ.

"ಮೂಲ ಕಾಗದ ಎಲ್ಲಯ್ಯ?" ಎಂದೆ.

ಅವನು ನಾಚಿಕೊಂಡ. "ಗ್ವಾಡಿಗೆ ಹಚ್ಚಿದ್ದೆರಿ. ದೇವರ ಫೋಟೋದ ಬಾಜೂಕ. ಊರಿಗೆ ಹೋಗಿ ಬರೂದ್ರಾಗ ಜಯಮ್ಮಕ್ಕ ಸುಣ್ಣ ಹೊಡಿಸಿಬಿಟ್ಟಿದ್ರು."

ಜಯಮ್ಮ ಟೀ ತರುವವಳು ಎಂದೆನಲ್ಲ, ಅದು ಅವಳ ಹವ್ಯಾಸ. ಅಸಲಿಗೆ ಅವಳು ಚೊಕ್ಕಸಂದ್ರದಲ್ಲಿ ಶೀಟಿನ ಮನೆಗಳ ಸಾಲನ್ನೇ ಬಾಡಿಗೆಗೆ ಕೊಟ್ಟಿದ್ದ ಮಾಲೀಕಳು. ಅಡಿವೆಪ್ಪ ಅವಳ ಬಾಡಿಗೆದಾರ. "ಅಬ್ಬ ಬಂತಲ್ಲ ಸಾ, ಸುಣ್ಣ ಒಡ್ಸಿದೆ," ಎಂದು ಟೀ ತಂದಿದ್ದ ಅವಳು ಅಲ್ಲೇ ನಿಂತು ಸಮಜಾಯಿಷಿ ಕೊಟ್ಟಳು. "ಗೋಡೆ ಮ್ಯಾಲೆ ಅಳೇ ಕಾಗ್ದ ಅಂಟ್ಕೊಂಡಿತ್ತು. ಕಿತ್ರೆ ಬರ್ನಿಲ್ಲ. ಮ್ಯಾಲೇ ಬಳ್ದಾಕ್ಸಿದೆ. ನಂಗೇನ್ ಗೊತ್ತು ಅದು ಒಬ್ಬನ ಒಟ್ಟೆಪಾಡು ಅಂತ?"

"ಸಿಗಲಿಲ್ಲಂದ್ರ ಹೆಲ್ಪರ್ ಅಂತ ತಗೋತಾರಂತ್ರಿ," ಎಂದ ಅಡಿವೆಪ್ಪ. "ಮತ್ತ ಮೊದಲಿನಿಂದ ಪುಡಿ ಗುಡಸೂದು." ಅವನು ಅದನ್ನು ದೂರಿನ ದನಿಯಲ್ಲಿ ಹೇಳಲಿಲ್ಲ. ಅದಕ್ಕೇ ನನಗೆ ಸಂಕಟವಾಯಿತು.

ಐದು ನಿಮಿಷದ ಕೆಲಸ ಎಂದುಕೊಂಡು ಕೂತೆ. ಅಡಿವೆಪ್ಪ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದೆ. ಹಸಿರು ಪಟ್ಟಿ ಓಡಿತು, ನಿಂತಿತು, ಏನೂ ಸಿಗಲಿಲ್ಲ ಎಂದಿತು. ಅಡ್ಡಹೆಸರಿನಿಂದ ಹುಡುಕೋಣವೆಂದು ಉಳ್ಳಾಗಡ್ಡಿ ಎಂದು ಹೊಡೆದೆ. ಇಲ್ಲ. ಒಂದು ಪಿ, ಎರಡು ಪಿ, ಒಂದು ಎಲ್, ಎರಡು ಎಲ್, ಎಲ್ಲ ನೋಡಿದೆ. ಎ ಅಕ್ಷರದ ಕೆಳಗಿನ ಪಟ್ಟಿಯನ್ನೆಲ್ಲ ಕಣ್ಣಿನಿಂದಲೇ ಜಾಲಾಡಿದೆ, ಯು ಅಕ್ಷರದ್ದನ್ನೂ ಬಿಡಲಿಲ್ಲ. ಗುರುವಾರ ಹೋಯಿತು.

ಶುಕ್ರವಾರ ಬೆಳಿಗ್ಗೆ, ಇದು ಕಂಪ್ಯೂಟರಿನ ಹುಡುಕಾಟದ್ದೇ ದೋಷ, ಇದಕ್ಕಿಂತ ಒಳ್ಳೆಯದು ಜಗತ್ತಿನಲ್ಲಿ ಇರಲೇಬೇಕು ಎಂದು ಅಂತರ್ಜಾಲಕ್ಕೆ ಕೈ ಹಾಕಿದೆ. ಮೊದಲು ಇಳಿಸಿಕೊಂಡದ್ದು ಒಬ್ಬನನ್ನು ಊಟಕ್ಕೆ ಕರೆದರೆ ಮನೆಮಂದಿಯನ್ನೆಲ್ಲ ಕರೆತರುವ ನೆಂಟನ ಜಾತಿಯದು. ಅದರ ಜೊತೆ ಹವಾಮಾನ ವರದಿ ಬಂತು, ರತ್ನ ಜೋಡಿಸುವ ಆಟ ಬಂತು, ನನ್ನ ಕಂಪ್ಯೂಟರಿಗೆ ಕಾಯಿಲೆ ಇದೆ ಎಂದು ಗಳಿಗೆಗೊಮ್ಮೆ ಕೂಗುವ ಒಂದು ಕೆಂಪು ಗಂಟೆ ಬಂತು. ಹುಡುಕುವ ಯಂತ್ರ ಎಲ್ಲಿ ಕೂತಿದೆ ಎಂದು ನಾನು ಅದನ್ನೇ ಹುಡುಕಬೇಕಾಯಿತು. ಎರಡನೆಯದು ಸಭ್ಯಸ್ಥ. ಪ್ರತಿ ಫೈಲನ್ನೂ ತೆರೆದು ಒಳಗಿರುವುದನ್ನೆಲ್ಲ ಓದಿ ನೆನಪಿಟ್ಟುಕೊಳ್ಳುತ್ತೇನೆ, ಸ್ವಲ್ಪ ಕಾಯಿರಿ ಎಂದಿತು. ಕಾದೆ. ಫ್ಯಾನು ಭೋರೆಂದು ತಿರುಗಿ ಮೇಜೆಲ್ಲ ಬೆಚ್ಚಗಾಯಿತು. ಮಧ್ಯಾಹ್ನದ ಊಟ ಮುಗಿಸಿ ಬಂದರೂ ಓದುತ್ತಲೇ ಇತ್ತು. ಆಗ ಹೊಳೆಯಿತು, ನಾನು ಇಟ್ಟಿದ್ದು ಕಾಗದದ ಚಿತ್ರ. ಚಿತ್ರದೊಳಗಿನ ಕೈಬರಹವನ್ನು ಈ ಪಂಡಿತ ಎಷ್ಟು ಓದಿದರೂ ಓದಲಾರ. ನಾನು ಅಂದು ಇಟ್ಟ ಹೆಸರೊಂದೇ ಆಧಾರ.

ಆ ಸಂಜೆಯ ಟೀ ಹೊತ್ತಿಗೆ ನನ್ನ ತಾಳ್ಮೆ ತೀರಿತ್ತು. ಶೆಡ್ಡಿನವರೆಲ್ಲ ಜಯಮ್ಮನ ಕೆಟಲಿನ ಸುತ್ತ ನಿಂತಿದ್ದರು. ಅಡಿವೆಪ್ಪ ನನ್ನ ಮುಖ ನೋಡಿದ. ಆ ನೋಟವೇ ನನ್ನನ್ನು ಕೆರಳಿಸಿತು.

"ಸಿಗಲಿಲ್ಲ ಕಣಯ್ಯ. ನೀನು ನಂಗೆ ಕೊಟ್ಟಿದ್ರೆ ತಾನೆ ಸಿಗೋದು? ಕೊಟ್ಟೇ ಇಲ್ಲ ನೀನು. ಗೋಡೆಗೆ ಅಂಟಿಸಿಬಿಟ್ಟು ಈಗ ನನ್ನ ತಲೆ ತಿಂತೀಯ," ಎಂದೆ, ಎಲ್ಲರೆದುರಿಗೂ.

ಅವನು ಲೋಟ ಕೆಳಗಿಟ್ಟ. "ಕೊಟ್ಟಿದ್ದೆರಿ ಸರ," ಎಂದ ಮೆಲ್ಲಗೆ. "ನೀವು ಆ ಮಷೀನಿನ ಮುಚ್ಚಳ ತಗದು ಕಾಗದ ಬೋರಲು ಹಾಕಿದ್ರಿ. ಒಳಗ ಒಂದು ಬೆಳಕು ಹಿಂಗ ಆ ಕಡಿಂದ ಈ ಕಡೆ ಹೋತು. ನಾ ನಿಂತು ನೋಡೀನ್ರಿ." ಅಷ್ಟು ಹೇಳಿ ಕೆಲಸಕ್ಕೆ ಹೋದ. ಅವನು ಹೇಳುತ್ತಿರುವುದು ನಿಜವೆಂದು ಆ ಕ್ಷಣವೇ ನನಗೆ ಗೊತ್ತಾಯಿತು. ಆದರೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಶನಿವಾರ ಬೆಳಿಗ್ಗೆ ಶಶಿಕಲಾ ಪೆನ್‌ಡ್ರೈವ್ ಹಿಡಿದು ಬಂದರು. ಅವರ ಬಗ್ಗೆ ಒಂದು ಮಾತು ಹೇಳಬೇಕು. ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದವರು. ಅವರ ತಂದೆ ಕಾರ್ಖಾನೆಯಲ್ಲಿ ಸ್ಪ್ಯಾನರು ಸುತ್ತಿಗೆಗಳಿಗೆ ಮಾಡುವಂತೆ ಅಡುಗೆಮನೆಯ ಗೋಡೆಯ ಮೇಲೂ ಸೌಟು, ಜಾಲರಿ, ಲಟ್ಟಣಿಗೆ ಒಂದೊಂದರ ಆಕಾರವನ್ನೂ ಬಣ್ಣದಲ್ಲಿ ಬರೆದು ಮೊಳೆ ಹೊಡೆದಿದ್ದರಂತೆ. ಸೌಟಿನ ಜಾಗ ಖಾಲಿ ಇದ್ದರೆ ದೂರದಿಂದಲೇ ಕಾಣಬೇಕು. ಅಂಥ ಮನೆಯಲ್ಲಿ ‘ಹುಡುಕು’ ಎಂಬ ಕ್ರಿಯಾಪದವೇ ಇರಲಾರದು. ಆದರೂ ನಮ್ಮಂಥವರ ಮೇಲೆ ಕರುಣೆಯಿಂದ ಅವರು ಆ ಪುಟ್ಟ ತಂತ್ರಾಂಶ ತಂದಿದ್ದರು.

"ಸಾರ್, ನೀವು ನಿನ್ನೆ ಅಷ್ಟು ಕೂಗಾಡಿದ್ರಲ್ಲ, ಅದಕ್ಕೇ ಮನೇಲಿ ನೋಡ್ದೆ," ಎಂದರು. "ಕಂಪ್ಯೂಟರಲ್ಲಿ ಇರೋ ಸರ್ಚು ಹೆಸರಿನ ತಲೆಯಿಂದ ಹುಡುಕುತ್ತೆ. ಮೊದಲಕ್ಷರ ಸರಿ ಇಲ್ಲ ಅಂದ್ರೆ ಮುಂದೆ ನೋಡೋದೇ ಇಲ್ಲ. ಇದು ಹಾಗಲ್ಲ ಸಾರ್. ಹೊಟ್ಟೇಲಿ ಇದ್ರೂ ಹುಡುಕುತ್ತೆ, ಬಾಲದಲ್ಲಿ ಇದ್ರೂ ಹುಡುಕುತ್ತೆ. ಫ್ರೀ ಬೇರೆ."

ಹಾಡಿನ ಫೈಲೊಂದಕ್ಕಿಂತ ಚಿಕ್ಕ ತಂತ್ರಾಂಶ. ಗಂಟೆಯಿಲ್ಲ, ರತ್ನದ ಆಟವಿಲ್ಲ. ತೆರೆದೊಡನೆ ಇರುವ ಫೈಲುಗಳ ಹೆಸರೆಲ್ಲ ಸಾಲಾಗಿ ನಿಂತವು. ಶಶಿಕಲಾ ಎ ಒತ್ತಿದರು, ಡಿ ಒತ್ತಿದರು, ಐ ಒತ್ತಿದರು. ಮೊರದಲ್ಲಿ ಕೇರಿದಂತೆ ಬೇಡದ್ದೆಲ್ಲ ಹಾರಿಹೋಗುತ್ತಾ ಬಂತು. ಉಳಿದದ್ದು ಲೋಡಿಂಗ್, ರೀಡಿಂಗ್, ಗ್ರೇಡಿಂಗ್ ಎಂಬಂಥ ಹೊಟ್ಟೆಯಲ್ಲಿ ಆ ಮೂರಕ್ಷರ ಇಟ್ಟುಕೊಂಡ ಇಂಗ್ಲಿಷ್ ಹೆಸರುಗಳು. ವಿ ಒತ್ತಿದರು. ಒಂದೇ ಒಂದು ಸಾಲು ಉಳಿಯಿತು.

ಶಶಿಕಲಾ ಮುಗ್ಧವಾಗಿ ಓದಿದರು: "ಯಾರು ಸಾರ್ ಇದು, ಹಡಿವೆಪ್ಪ ಹುಲ್ಲಗಡ್ಡಿ?"

ನನ್ನ ಕಿವಿ ಬಿಸಿಯಾಯಿತು. ಅದು ಯಾರೆಂದು ನನಗೆ ಗೊತ್ತಿತ್ತು. ಆ ಎರಡು ಎಚ್‌ಗಳನ್ನು ಅಲ್ಲಿ ತಂದು ನಿಲ್ಲಿಸಿದವನು ಯಾರೆಂಬುದೂ ಗೊತ್ತಿತ್ತು.

ಅದಕ್ಕೊಂದು ಹಿನ್ನೆಲೆಯಿದೆ. ನನ್ನ ಹೆಸರು ಹೊನ್ನಗಂಗಯ್ಯ. ತುಮಕೂರು ರಸ್ತೆಗೆ ಒಂದು ಮೈಲಿ ಒಳಗಿರುವ ನಮ್ಮೂರಿನಲ್ಲಿ ಅದನ್ನು ಯಾರೂ ಹಾಗೆ ಕರೆದದ್ದಿಲ್ಲ. ಹೆತ್ತ ಅವ್ವನ ಬಾಯಲ್ಲೂ ನಾನು ಒನ್ನಗಂಗ. ನಮ್ಮೂರಿಗೆ ಹಕಾರ ಬಂದೇ ಇರಲಿಲ್ಲ. ಆಲು, ಅಸು, ಅಬ್ಬ, ಅಗ್ಗ ಎಂದುಕೊಂಡು ಎಲ್ಲರೂ ಸುಖವಾಗಿದ್ದರು. ನಾಲ್ಕನೆಯ ಕ್ಲಾಸಿಗೆ ಹೊಸ ಮೇಷ್ಟರು ಬಂದರು. ಅವರು ನಮ್ಮ ಬಾಯಿಯ ಮುಂದೆ ತೆಳುವಾದ ಕಾಗದದ ಚೂರು ಹಿಡಿದು ‘ಹಕ್ಕಿ ಹಾರಿತು’ ಎನ್ನಿಸುತ್ತಿದ್ದರು. ಕಾಗದ ಅಲುಗಿದರೆ ಹಕಾರ ಬಂತೆಂದು ಲೆಕ್ಕ. ನಾನು ಉಸಿರು ಕಟ್ಟಿ "ಅಕ್ಕಿ ಆರಿತು" ಎಂದೆ. ಕಾಗದ ಅಲುಗಲಿಲ್ಲ. "ಆರಿದ್ರೆ ಮೂಟೆ ಕಟ್ಟೋ," ಎಂದರು ಮೇಷ್ಟರು. ಇಡೀ ತರಗತಿ ನಕ್ಕಿತು.

ಅವತ್ತಿನಿಂದ ನಾನು ಎಚ್ಚರವಾದೆ. ಎಷ್ಟು ಎಚ್ಚರವಾದೆನೆಂದರೆ, ಅಕಾರ ಕಂಡಲ್ಲೆಲ್ಲ ಇದು ಹಕಾರ ಕಳೆದುಕೊಂಡ ಅನಾಥ ಎಂದು ಭಾವಿಸಿ ಮುಂದೊಂದು ಹಕಾರ ಅಂಟಿಸತೊಡಗಿದೆ. ಅಕ್ಕ ಹಕ್ಕ ಆದಳು. ಆನೆ ಹಾನೆ ಆಯಿತು. ಅಣ್ಣನನ್ನು ಊರ ಬಾವಿಕಟ್ಟೆಯ ಹತ್ತಿರ "ಹಣ್ಣಾ" ಎಂದು ಕೂಗಿದ್ದಕ್ಕೆ ಅವನನ್ನು ವಾರಗಟ್ಟಲೆ ಬಾಳೆಹಣ್ಣ ಎಂದು ಕರೆದರು. ಅವನು ನನ್ನನ್ನು ಅಟ್ಟಿಸಿಕೊಂಡು ಬಂದು ಹೊಡೆದ. ದೊಡ್ಡವನಾದ ಮೇಲೆ ಬಾಯಿ ತಿದ್ದಿಕೊಂಡಿತು. ಒಳಗಿನ ಅಂಜಿಕೆ ಮಾತ್ರ ಬೆರಳ ತುದಿಗೆ ಇಳಿದು ಕೂತಿತ್ತೆಂದು ಕಾಣುತ್ತದೆ. ಐದು ವರ್ಷದ ಹಿಂದೆ ಗದಗಿನ ಕಡೆಯ ಆ ಕಂಟ್ರಾಕ್ಟರನ ಹೆಲ್ಪರ್ ಕಾಗದ ಹಿಡಿದು ಬಂದು ತನ್ನ ಹೆಸರು ಅಡಿವೆಪ್ಪ ಎಂದಾಗ, ಪಾಪ, ಇವನೂ ನಮ್ಮಂಥವನೇ, ಹಕಾರ ನುಂಗುತ್ತಾನೆ ಎಂದುಕೊಂಡೆ. ಕಾಗದದಲ್ಲಿ ಇನ್ಸ್‌ಪೆಕ್ಟರು ಸರಿಯಾಗಿಯೇ ಬರೆದಿದ್ದರು. ಅವರಿಗೂ ಕೇಳಿಸಿಲ್ಲ ಎಂದುಕೊಂಡು ಫೈಲಿನ ಹೆಸರಿನಲ್ಲಿ ಎರಡೂ ಕಡೆ ಎಚ್ ಸೇರಿಸಿ, ಒಬ್ಬ ಬಡವನ ಮಾನ ಉಳಿಸಿದೆನೆಂಬ ಹೆಮ್ಮೆಯಿಂದ ಫೈಲು ಮುಚ್ಚಿದ್ದೆ. ಅವನು ಕಾಯಂ ಆದಾಗ ಹಾಜರಿ ಪುಸ್ತಕದಲ್ಲಿ ಸರಿಯಾದ ಹೆಸರು ನೋಡಿ ಕಲಿತೆ. ಹಿಂದೆ ಬರೆದದ್ದನ್ನು ಮರೆತೆ.

ಶಶಿಕಲಾ ಫೈಲು ತೆರೆದರು. ಇನ್ಸ್‌ಪೆಕ್ಟರ ದುಂಡಗಿನ ಅಕ್ಷರ, ಸಹಿ, ಅಳತೆಗಳ ಸಾಲು, ಎಲ್ಲ ಇತ್ತು. ನನಗೆ ಎಷ್ಟು ಸಂತೋಷವಾಯಿತೋ ಅಷ್ಟೇ ಸಂಕಟವೂ ಆಯಿತು. ಕೀಲಿಮಣೆಯ ಒಂದು ಗುಂಡಿ ಒತ್ತಿ ಹೆಸರು ಬದಲಿಸಿಬಿಟ್ಟರೆ ಮುಗಿಯಿತು. ಯಾವುದೋ ಮೂಲೆಯ ಫೋಲ್ಡರಿನಲ್ಲಿತ್ತು, ರಿಪೇರಿಯವನು ತುರುಕಿದ್ದ ಎನ್ನಬಹುದು. ಬೆರಳು ಆ ಗುಂಡಿಯ ಮೇಲೆಯೇ ಇತ್ತು. ಶಶಿಕಲಾ ತಮ್ಮ ಅಳತೆಯ ಕೋಣೆಗೆ ಹೋದರು. ನಾನು ಕಾಗದದ ಎರಡು ಪ್ರತಿ ತೆಗೆದೆ. ಆಮೇಲೆ ಫೈಲಿನ ಹೆಸರು ಕಾಣುವಂತೆ ಪರದೆಯದೂ ಒಂದು ಪ್ರತಿ ತೆಗೆದೆ.

ಟೀ ಹೊತ್ತಿಗೆ ಮೂರನ್ನೂ ಹಿಡಿದು ಹೊರಗೆ ಹೋದೆ. "ಅಡಿವೆಪ್ಪ, ನೀನು ಕೊಟ್ಟಿದ್ದೆ ಕಣಪ್ಪ. ನಿನ್ನೆ ನಾನು ಆಡಿದ ಮಾತು ಸುಳ್ಳು. ಕಳೆದವನು ನಾನೇ," ಎಂದು ಎಲ್ಲರೆದುರಿಗೂ ಹೇಳಿ, ಪರದೆಯ ಪ್ರತಿಯನ್ನು ಓದಿ, ಹಕಾರದ ಕಥೆಯನ್ನೂ ಒಪ್ಪಿಸಿದೆ.

ಅಡಿವೆಪ್ಪ ಮೊದಲು ತನ್ನ ಕಾಗದವನ್ನು ನೋಡಿದ. ಬಹಳ ಹೊತ್ತು ನೋಡಿದ. ಕಣ್ಣು ಒರೆಸಿಕೊಂಡ. ಆಮೇಲೆ ನಾನು ಓದಿದ ಹೆಸರನ್ನು ನೆನೆದು ಅವನಿಗೆ ನಗು ತಡೆಯಲಾಗಲಿಲ್ಲ. "ಹುಲ್ಲಲ್ರಿ ಸರ, ಗಡ್ಡಾನೂ ಅಲ್ರಿ! ಉಳ್ಳಾಗಡ್ಡಿ. ನೀವು ಈರುಳ್ಳಿ ಅಂತೀರಲ್ರಿ, ಅದರಿ. ನಮ್ಮಜ್ಜ ಅದನ್ನ ಬೆಳೀತಿದ್ದ."

"ಸರೋಯ್ತು ಬುಡಿ ಸಾ," ಎಂದಳು ಜಯಮ್ಮ, ನನ್ನ ಲೋಟಕ್ಕೆ ಟೀ ಬಗ್ಗಿಸುತ್ತಾ. "ನಾವು ಇರೋ ಕಡೆ ಬುಡ್ತೀವಿ, ನೀವು ಇಲ್ದಿರೋ ಕಡೆ ಆಕ್ತೀರ. ಒಟ್ನಲ್ಲಿ ಊರಿನ್ ಲೆಕ್ಕ ಸಮ ಆಯ್ತು." ಶೆಡ್ಡೆಲ್ಲ ನಕ್ಕಿತು. ನಾನೂ ನಕ್ಕೆ. ಬಹಳ ಕಾಲ ನನ್ನ ಬೆನ್ನ ಹಿಂದೆ ಹುಲ್ಲಗಡ್ಡಿ ಸಾರ್ ಎಂಬ ಹೆಸರು ಓಡಾಡಿತು.

ಸೋಮವಾರ ಅಡಿವೆಪ್ಪ ಹೋದ. ಮಧ್ಯಾಹ್ನದವರೆಗೆ ನಾನು ಒಂದು ಕೆಲಸವನ್ನೂ ನೆಟ್ಟಗೆ ಮಾಡಲಿಲ್ಲ. ಕಾಗದ ನೋಡಿ ಒಪ್ಪುತ್ತಾರೋ ಇಲ್ಲವೋ, ನಕಲು ಬೇಡ, ಮೂಲವೇ ಬೇಕು ಎಂದರೆ ಜಯಮ್ಮನ ಗೋಡೆಯನ್ನು ಹೊತ್ತೊಯ್ಯಬೇಕೇ ಎಂದೆಲ್ಲ ಯೋಚಿಸುತ್ತಾ ಕೂತಿದ್ದೆ. ಮೂರು ಗಂಟೆಯ ಹೊತ್ತಿಗೆ ಫೋನು ಬಂತು.

"ಸರ, ಕಾಗದ ನೋಡಿ ಒಂದು ತುಂಡು ಉಜ್ಜಿ ತೋರಿಸು ಅಂದ್ರು. ಉಜ್ಜಿದೆ. ಅಳದು ನೋಡಿ ಆಪರೇಟರ್ ಅಂತ ಬರಕೊಂಡ್ರು."

ಒಳ್ಳೇದಾಯ್ತು ಕಣಪ್ಪ ಎನ್ನುವಷ್ಟರಲ್ಲಿ ಅವನೇ ಮುಂದುವರಿಸಿದ. "ಇಲ್ಲೆ ಮೇಡಂ ಒಬ್ರು ಕಾರ್ಡಿಗೆ ನನ್ನ ಹೆಸರು ಬಡೀಲಿಕತ್ತಾರ್ರಿ. ಇಂಗ್ಲಿಷಿನ್ಯಾಗ ಹೆಂಗ ಅಂತ ಕೇಳ್ತಾರ. ಅವರಿಗೆ ಫೋನ್ ಕೊಡ್ತೀನಿ, ನೀವ ಹೇಳ್ರಿ."

"ನಾನಾ? ಊರಲ್ಲಿ ಬೇರೆ ಯಾರೂ ಸಿಗಲಿಲ್ವೇನಯ್ಯ ನಿಂಗೆ?"

"ಇರ್ಲಿ ಹೇಳ್ರಿ ಸರ," ಎಂದ ಅಡಿವೆಪ್ಪ. "ಜಗತ್ತಿನ್ಯಾಗ ನನ್ನ ಹೆಸರು ಇನ್ನೊಮ್ಮಿ ತಪ್ಪು ಹೇಳಲಾರದವರು ನೀವೊಬ್ರ."

ನಾನು ಕುರ್ಚಿಯಿಂದ ಎದ್ದು ನಿಂತೆ. ಎ ಯಿಂದ ಶುರು ಮಾಡಿ ಮೇಡಂ, ಅದರ ಮುಂದೆ ಏನೂ ಇಲ್ಲ ಎಂದು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಆ ಹೆಣ್ಣುಮಗಳು ಬರೆದುಕೊಂಡು ತಿರುಗಿ ಪೂರ್ತಿ ಓದಿದಳು. ಸರಿಯಾಗಿತ್ತು.